ಹಳೇ ರೋಲರ್ ವಾಷಿಂಗ್ ಮೆಷಿನ್: ಬಣ್ಣ ಕೊನೆಗೆ ಹಚ್ಚಿ

ಪ್ರಶ್ನೆ: ರೋಲರ್‌ನಲ್ಲಿ ಬಟ್ಟೆ ಹಿಂಡುವ ಹಳೇ ವಾಷಿಂಗ್ ಮೆಷಿನ್ ಒಂದು ಸಿಕ್ಕಿದೆ. ಪ್ಲೇಟಿನ ಮೇಲೆ 115 ವೋಲ್ಟ್, 60 ಹರ್ಟ್ಸ್ ಅಂತ ಇದೆ. ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ಒಮ್ಮೆ ಚಾಲೂ ಮಾಡಿ ನೋಡಲಾ? ಹೊರಗಿನ ಬಣ್ಣ ಉದುರಿದೆ, ಮೊದಲು ಅದನ್ನು ಉಜ್ಜಿ ಪೇಂಟ್ ಮಾಡಿಸೋಣ ಅಂತಿದ್ದೇನೆ.

ಉತ್ತರ: ಎರಡೂ ಈಗಲೇ ಬೇಡ. ಪೇಂಟ್ ಕೊನೆಯ ಕೆಲಸ. ಮೊದಲೇ ಹೊಳಪು ಬಂದುಬಿಟ್ಟರೆ ಆಮೇಲೆ ಗೇರ್ ಬಾಕ್ಸ್ ಬಿಚ್ಚಲು ಮನಸ್ಸೇ ಬರುವುದಿಲ್ಲ, ಬಿಚ್ಚಿದರೂ ಸ್ಪ್ಯಾನರ್ ಜಾರಿ ಗೀರು ಬೀಳೋದು ಗ್ಯಾರಂಟಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿಕೊಂಡೇ ಉಜ್ಜಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ಲಗ್ ಹಾಕುವ ಮುಂಚೆ ವೈರನ್ನು ಒಮ್ಮೆ ಬಗ್ಗಿಸಿ ನೋಡಿ. ಒಳಗಿನ ರಬ್ಬರ್ ಒಣಗಿ ಪುಡಿಪುಡಿಯಾಗಿ ಉದುರಿ ತಾಮ್ರ ಕಂಡರೆ ಆಶ್ಚರ್ಯವಿಲ್ಲ, ಈ ವಯಸ್ಸಿನ ಮೆಷಿನ್‌ಗಳಲ್ಲಿ ಅದು ಮಾಮೂಲು. ಎಷ್ಟೋ ಹಳೇ ಮೆಷಿನ್‌ಗಳಿಗೆ ಇರುವುದು ಎರಡೇ ಪಿನ್, ಅರ್ತಿಂಗ್ ಇಲ್ಲವೇ ಇಲ್ಲ. ಮೈಯೆಲ್ಲ ಲೋಹ, ನೆಲ ಒದ್ದೆ, ನಿಮ್ಮ ಕೈಯೂ ಒದ್ದೆ. ಹಾಗಾಗಿ ಹಳೇ ವೈರ್ ಪೂರ್ತಿ ಕಿತ್ತು ಮೂರು ಎಳೆಯ ಕೇಬಲ್ ಹಾಕಿಸಿ. ಅರ್ತ್ ವೈರನ್ನು ಬಣ್ಣ ಕೆರೆದ ಬರಿ ಲೋಹಕ್ಕೆ ಬೋಲ್ಟ್ ಮಾಡಿಸಿ. ಆ ಲೈನಿಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ. ಮೋಟರ್ ವೈಂಡಿಂಗ್‌ನಿಂದ ಬಾಡಿಗೆ ಕರೆಂಟ್ ಸೋರುತ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಸಿ ನೋಡಿ.

ಇನ್ನು ಟ್ರಾನ್ಸ್‌ಫಾರ್ಮರ್ ವಿಷಯ. ಅದು ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಹಾಗೇ ಇರುತ್ತದೆ. 60 ಹರ್ಟ್ಸ್ ಮೋಟರನ್ನು 50ರಲ್ಲಿ ಓಡಿಸಿದರೆ ವೇಗ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಅದೇನೂ ದೊಡ್ಡ ತೊಂದರೆಯಲ್ಲ. ತೊಂದರೆ ಬಿಸಿಯದ್ದು: ಹರ್ಟ್ಸ್ ಇಳಿದು ವೋಲ್ಟೇಜ್ 115 ಹಾಗೇ ಇದ್ದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ವೋಲ್ಟೇಜನ್ನೂ ಅದೇ ಲೆಕ್ಕದಲ್ಲಿ 100ರ ಆಸುಪಾಸಿಗೆ ಇಳಿಸಿದರೆ ಮೋಟರ್ ಬಚಾವಾಗುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ ಸಣ್ಣ ಟ್ರಾನ್ಸ್‌ಫಾರ್ಮರ್ ಸಾಲದು.

ನನ್ನನ್ನು ಕೇಳಿದರೆ, ದಿನಾ ಬಳಸುವುದಾದರೆ ಮೋಟರನ್ನೇ ಬದಲಾಯಿಸಿ. ಅಷ್ಟೇ ಹಾರ್ಸ್‌ಪವರ್‌ನ 230 ವೋಲ್ಟ್, 50 ಹರ್ಟ್ಸ್ ಮೋಟರ್ ಹಾಕಿ. ಹಳೆಯದು ನಿಮಿಷಕ್ಕೆ 1725 ಸುತ್ತಿನದಾಗಿದ್ದು ಹೊಸದು 1440 ಆದರೆ ಮೋಟರ್ ಪುಲ್ಲಿಯನ್ನು ಐದರಲ್ಲಿ ಒಂದು ಪಾಲು ದೊಡ್ಡದು ಹಾಕಿಸಿ, ಹಳೇ ವೇಗ ಬರುತ್ತದೆ. ತಿರುಗುವ ದಿಕ್ಕು ಅದೇ ಇರಬೇಕು. ಹಳೇ ಮೋಟರನ್ನು ಮಾತ್ರ ಬಿಸಾಕಬೇಡಿ, ಮುಂದೆ ಯಾರಾದರೂ ಅಸಲಿಗೇ ಬೆಲೆ ಕೊಡುತ್ತಾರೆ.

ಪ್ರಶ್ನೆ: ಮೋಟರ್ ತಿರುಗುತ್ತದೆ, ಆದರೆ ಟಬ್ಬಿನೊಳಗೆ ಬಟ್ಟೆ ಅಲುಗಿಸುವ ರೆಕ್ಕೆಯ ಕಂಬ, ಅಜಿಟೇಟರ್, ಅಲ್ಲಾಡುತ್ತಿಲ್ಲ. ಎತ್ತಿದರೂ ಬರುತ್ತಿಲ್ಲ. ಸುತ್ತಿಗೆಯಲ್ಲಿ ಬಡಿಯಬಹುದಾ?

ಉತ್ತರ: ಬಡಿಯಬೇಡಿ, ಹಳೇ ಅಜಿಟೇಟರ್ ಬೇಕಲೈಟ್‌ನದಾಗಿದ್ದರೆ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಒಂದೇ ಏಟಿಗೆ ಹೋಳು. ಮೊದಲು ಬೆಲ್ಟ್ ನೋಡಿ. ಒಣಗಿ ಜಾರುತ್ತಿರಬಹುದು. ಬೆಲ್ಟ್ ಸರಿ ಇದ್ದರೆ ಅಜಿಟೇಟರ್ ತಲೆಯ ಮೇಲಿನ ಕ್ಯಾಪ್ ಬಿಚ್ಚಿ. ಟಬ್ಬಿಗೆ ಬಿಸಿನೀರು ತುಂಬಿ ಒಂದಷ್ಟು ಹೊತ್ತು ಬಿಡಿ, ಎಷ್ಟೋ ವರ್ಷದ ಸೋಪಿನ ಗಸಿ ಒಳಗೆ ಗಟ್ಟಿಯಾಗಿ ಶಾಫ್ಟಿಗೆ ಅಂಟಿಕೊಂಡಿರುತ್ತದೆ, ಅದು ಕರಗಬೇಕು. ಆಮೇಲೆ ಅಂಚಿನ ಕೆಳಗೆ ಹಗ್ಗ ಸುತ್ತಿ ಎರಡೂ ಕಡೆಯಿಂದ ಸಮನಾಗಿ ಮೇಲಕ್ಕೆಳೆಯಿರಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಟಬ್ಬಿನ ಎನಾಮಲ್ ಹಾರಿಹೋಗುತ್ತದೆ, ಅಲ್ಲಿಂದಲೇ ತುಕ್ಕು ಶುರು.

ಅಜಿಟೇಟರ್ ಬಂದ ಮೇಲೆ ಗೇರ್ ಬಾಕ್ಸಿನ ಆಯಿಲ್ ನೋಡಿ. ಕಪ್ಪಗೆ ಅಂಟಂಟಾಗಿದ್ದರೆ ತೆಗೆದು ಹೊಸದು ಹಾಕಿದರೆ ಸಾಕು. ಬೆಳ್ಳಗೆ ಕದಡಿದಂತೆ ಇದ್ದರೆ ನೀರು ಇಳಿದಿದೆ ಅಂತಲೇ ಅರ್ಥ, ನಡುವಿನ ಶಾಫ್ಟಿನ ಸೀಲ್ ಹೋಗಿದೆ. ಸೀಲ್ ಬದಲಾಯಿಸದೆ ಆಯಿಲ್ ಮಾತ್ರ ತುಂಬಿದರೆ ಸುಮ್ನೆ ದುಡ್ಡು ದಂಡ.

ಬಿಡಿಭಾಗ ಎಲ್ಲಿ ಸಿಗುತ್ತವೆ ಅಂತ ಹೆದರಬೇಡಿ. ಮೇಟ್ಯಾಗ್ ಕಂಪನಿ ರೋಲರ್ ಮೆಷಿನ್‌ಗಳನ್ನು 1983ರವರೆಗೂ ಮಾಡುತ್ತಿತ್ತು. ಕರೆಂಟ್ ಇಲ್ಲದ ಮನೆಗಳಿಗೆ ಅಂತ ಪೆಟ್ರೋಲ್ ಎಂಜಿನ್ ಕೂರಿಸಿದ್ದನ್ನೂ ಮಾರಿತ್ತು! ಲೈನ್ ಕರೆಂಟ್ ಬಳಸದ ಸಂಪ್ರದಾಯಸ್ಥ ಕ್ರೈಸ್ತರಾದ ಅಮೆರಿಕದ ಅಮಿಶ್ ಜನರ ಮನೆಗಳಲ್ಲಿ ಇಂಥವು ಇವತ್ತಿಗೂ ಓಡುತ್ತಿವೆ, ಹಾಗಾಗಿ ಸೀಲು, ಬೆಲ್ಟು ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತವೆ.

ಪ್ರಶ್ನೆ: ರೋಲರ್ ರಬ್ಬರ್ ಬಿರುಕು ಬಿಟ್ಟಿದೆ. ಒತ್ತಿದರೆ ರೋಲರ್ ಬಿಡಿಸುವ ಮೇಲಿನ ಸೇಫ್ಟಿ ಪಟ್ಟಿ ತುಕ್ಕು ಹಿಡಿದು ಅಲುಗುತ್ತಿಲ್ಲ. ಜೋಪಾನವಾಗಿ ಬಳಸಿದರೆ ಆಗಲ್ವಾ?

ಉತ್ತರ: ಆಗಲ್ಲ. ಇದೊಂದು ವಿಷಯದಲ್ಲಿ ನಾನು ಹಠಮಾರಿ. ಮೋಟರ್ ಕೆಟ್ಟಿದ್ದರೆ ಬಟ್ಟೆ ಒಗೆಯಲ್ಲ, ಅಷ್ಟೇ. ಸೇಫ್ಟಿ ಪಟ್ಟಿ ಕೆಟ್ಟಿದ್ದರೆ ಕೈ ಹೋಗುತ್ತದೆ. ಬೆರಳ ತುದಿ ಸಿಕ್ಕಿದರೆ ಸಾಕು, ರೋಲರ್ ಎಳೆದುಕೊಳ್ಳುತ್ತಾ ಮೊಣಕೈವರೆಗೂ ಹೋಗಿ, ಅಲ್ಲಿ ಸಿಕ್ಕಿಕೊಂಡ ಮೇಲೂ ತಿರುಗುತ್ತಾ ಚರ್ಮ ಉಜ್ಜುತ್ತಲೇ ಇರುತ್ತದೆ. ಮಕ್ಕಳಿಗೆ ಹೀಗೆ ಎಷ್ಟು ಆಗುತ್ತಿತ್ತು ಅಂದರೆ ಡಾಕ್ಟರುಗಳು ಆ ಗಾಯಕ್ಕೆ ರಿಂಗರ್ ಆರ್ಮ್ (ರಿಂಗರ್ ಅಂದರೆ ಬಟ್ಟೆ ಹಿಂಡುವ ರೋಲರ್) ಅಂತ ಬೇರೆಯದೇ ಹೆಸರಿಟ್ಟಿದ್ದರು. ಮೊದಲಿಗೆ ಬರೀ ತರಚಿದ ಹಾಗೆ ಕಾಣುತ್ತದೆ, ಊತ, ಒಳಪೆಟ್ಟು ಆಮೇಲೆ ಗೊತ್ತಾಗುತ್ತದೆ.

ಪಟ್ಟಿಯ ಕೀಲು, ಸ್ಪ್ರಿಂಗ್, ಲಾಚ್ ಮೂರನ್ನೂ ಬಿಚ್ಚಿ ತುಕ್ಕು ತೆಗೆಯಿರಿ. ದಪ್ಪ ಟವೆಲ್ ಒಂದನ್ನು ರೋಲರ್ ನಡುವೆ ಬಿಟ್ಟು, ಓಡುತ್ತಿರುವಾಗಲೇ ಅಂಗೈಯಿಂದ ಪಟ್ಟಿಗೆ ಒಂದೇಟು ಕೊಡಿ. ಟಕ್ ಅಂತ ಒತ್ತಡ ಬಿಟ್ಟು ರೋಲರ್‌ಗಳು ದೂರ ಸರಿಯಬೇಕು. ಪ್ರತಿ ಸಲವೂ ಸರಿಯಬೇಕು. ಒಂದು ಸಲ ತಡವರಿಸಿದರೂ ಆ ಮೆಷಿನ್ ಷೋಗೆ ಇರಲಿ.

ಬಿರುಕು ಬಿಟ್ಟ ರಬ್ಬರ್ ಮತ್ತೆ ಸರಿಯಾಗುವುದಿಲ್ಲ. ಪ್ರಿಂಟಿಂಗ್ ಪ್ರೆಸ್ ರೋಲರ್‌ಗಳಿಗೆ ರಬ್ಬರ್ ಹೊದಿಸುವವರ ಹತ್ತಿರ ಹಳೇ ರೋಲರನ್ನೇ ಕೊಂಡೊಯ್ದು ಅದೇ ಅಳತೆಗೆ ಹೊಸ ರಬ್ಬರ್ ಹಾಕಿಸಿ. ಬಿರುಕಿಲ್ಲದೆ ಬರೀ ನುಣುಪಾಗಿದ್ದರೆ ಸೋಪುನೀರಲ್ಲಿ ತೊಳೆದು ಹಗುರವಾಗಿ ಉಪ್ಪುಕಾಗದ ಆಡಿಸಿದರೆ ಹಿಡಿತ ಬರುತ್ತದೆ. ಪೆಟ್ರೋಲು, ಗ್ರೀಸು ತಾಗಿಸಬೇಡಿ.

ಪ್ರಶ್ನೆ: ಇದಕ್ಕೆ ಯಾವ ಸೋಪು? ನೀರು ಜಾಸ್ತಿ ಬೇಕಾ?

ಉತ್ತರ: ನೊರೆ ಕಡಿಮೆ ಬರುವ ಪುಡಿ ಯಾವುದಾದರೂ ಆದೀತು. ಟಬ್ ಅಲ್ಯೂಮಿನಿಯಂನದಾದರೆ ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಹಾಕಲೇಬೇಡಿ, ಲೋಹವನ್ನು ತಿಂದುಬಿಡುತ್ತವೆ. ನೀರು ಜಾಸ್ತಿ ಬೇಡ, ಒಂದೇ ಟಬ್ ನೀರಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದವು, ಕೊನೆಗೆ ಮಣ್ಣಾದ ಕೆಲಸದ ಬಟ್ಟೆ ಅಂತ ಸಾಲಾಗಿ ಒಗೆಯಬಹುದು. ಜಾಲಿಸಲು ಪಕ್ಕದಲ್ಲಿ ಬೇರೆ ಟಬ್ ಇರಲಿ. ಟೈಮರ್ ಇಲ್ಲದ್ದಾದರೆ ಗಡಿಯಾರ ನೀವೇ ನೋಡಬೇಕು. ಹಿಂಡುವಾಗ ಗುಂಡಿ, ಜಿಪ್ ಒಳಗೆ ಬರುವ ಹಾಗೆ ಮಡಚಿ ಬಿಡಿ, ಇಲ್ಲದಿದ್ದರೆ ಗುಂಡಿ ಪುಡಿ, ರೋಲರ್‌ಗೂ ಗೀರು. ಕೂದಲು ಕಟ್ಟಿಕೊಳ್ಳಿ, ತೋಳು ಮಡಚಿಕೊಳ್ಳಿ. ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು ರೋಲರ್ ಒತ್ತಡ ಸಡಿಲಿಸಿಡಿ, ಒತ್ತಿಕೊಂಡೇ ಬಿಟ್ಟರೆ ಹೊಸ ರಬ್ಬರೂ ಒಂದು ಕಡೆ ಚಪ್ಪಟೆಯಾಗುತ್ತದೆ.