ಜಿಮ್ನಿಗೆ ಲಿಫ್ಟ್ ಹಾಕಿಸುವ ಮೊದಲು ತಳದಲ್ಲಿ ಏನು ತಾಗುತ್ತಿದೆ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ ಇದೆ. ಸಕಲೇಶಪುರದ ಆಚೆ ಕಾಫಿ ತೋಟ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಗಾಡಿಯ ತಳ ಉಜ್ಜುತ್ತದೆ. ಬೆಂಗಳೂರಿಗೆ ಓಡಾಡುವುದೂ ಇದೇ ಗಾಡಿಯಲ್ಲಿ. ಗ್ಯಾರೇಜಿನವರು ಎರಡು ಇಂಚು ಲಿಫ್ಟ್ ಹಾಕಿಸಿ, ಅಂದರೆ ಸ್ಪ್ರಿಂಗ್ ಕಡೆಯಿಂದ ಗಾಡಿಯನ್ನು ಅಷ್ಟು ಎತ್ತರಿಸಿ ಅನ್ನುತ್ತಿದ್ದಾರೆ. ಹಾಕಿಸಬೇಕೇ, ಬೇಡವೇ?

ಈಗಲೇ ಬೇಡ. ನಮ್ಮದು ಮೂಡಿಗೆರೆ ಕಡೆಯ ತೋಟ. ಮೊದಲು ಜಿಪ್ಸಿ ಇತ್ತು, ಈಗ ಜಿಮ್ನಿ ಇದೆ. ಲಿಫ್ಟ್ ಮಾಡಿಸಿದ ಸ್ನೇಹಿತರ ಗಾಡಿಗಳನ್ನು ಓಡಿಸಿದ್ದೇನೆ, ಅವುಗಳ ಕೆಳಗೆ ಮಲಗಿ ಬೋಲ್ಟ್ ಬಿಗಿದಿದ್ದೇನೆ. ಲಿಫ್ಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಗಾಡಿಯಲ್ಲಿ ನೆಲಕ್ಕೆ ತಾಗುತ್ತಿರುವುದು ಯಾವ ಭಾಗ ಅಂತ ಗೊತ್ತಾಗದೆ ದುಡ್ಡು ಹಾಕಬೇಡಿ. ಎಷ್ಟೋ ಸಲ ತಾಗುವ ಭಾಗವನ್ನು ಲಿಫ್ಟ್ ಒಂದು ಕೂದಲಿನಷ್ಟೂ ಮೇಲೆತ್ತುವುದಿಲ್ಲ.

ಅದು ಹೇಗೆ ಅಂತ ಹೇಳುತ್ತೇನೆ. ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್. ಎಡಗಡೆಯ ಚಕ್ರದಿಂದ ಬಲಗಡೆಯ ಚಕ್ರದವರೆಗೆ ಒಂದೇ ಗಟ್ಟಿ ಹೌಸಿಂಗ್. ಅದರಲ್ಲಿ ದಪ್ಪಗೆ ಊದಿಕೊಂಡಂತೆ ಕಾಣುವುದೇ ಡಿಫರೆನ್ಷಿಯಲ್, ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್‌ಗಳ ಡಬ್ಬಿ. ಸ್ಪ್ರಿಂಗ್ ಕೂರುವುದು ಈ ಆಕ್ಸಲ್ ಮೇಲೆ. ನೀವು ಉದ್ದದ ಸ್ಪ್ರಿಂಗ್ ಹಾಕಿದರೆ ಸ್ಪ್ರಿಂಗ್‌ನ ಮೇಲಿರುವುದೆಲ್ಲ ಏರುತ್ತದೆ: ಚಾಸಿ, ಬಾಡಿ, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್. ಕೆಳಗಿರುವ ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ ನೆಲದಿಂದ ಎಷ್ಟು ಎತ್ತರ ಅನ್ನುವುದನ್ನು ತೀರ್ಮಾನಿಸುವುದು ಟೈರ್ ಮಾತ್ರ.

ಈಗ ತೋಟದ ದಾರಿಯನ್ನು ನೆನಪಿಸಿಕೊಳ್ಳಿ. ಜೂನ್ ಬಂತೆಂದರೆ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳದ ಜಾಡು ಬೀಳುತ್ತದೆ, ನಡುವೆ ಮಣ್ಣಿನ ದಿಬ್ಬ ಉಳಿಯುತ್ತದೆ. ಜಾಡಿನಲ್ಲಿ ಇಳಿದ ಜಿಮ್ನಿಯಲ್ಲಿ ಆ ದಿಬ್ಬಕ್ಕೆ ಮೊದಲು ಸಿಗುವುದು ಡಿಫರೆನ್ಷಿಯಲ್. ಎರಡಲ್ಲ, ನಾಲ್ಕು ಇಂಚು ಲಿಫ್ಟ್ ಮಾಡಿಸಿದರೂ ಅದು ಅಲ್ಲೇ ಉಜ್ಜುತ್ತದೆ. ಬೇರೆ ಜಾಗಗಳೂ ಇವೆ. ಮೋರಿಯ ಮೇಲಿನ ಉಬ್ಬು, ಗೇಟಿನ ಹತ್ತಿರ ತಟ್ಟನೆ ಏರಿ ಇಳಿಯುವ ದಿಣ್ಣೆ. ಅಲ್ಲಿ ಮುಂದಿನ ಚಕ್ರ ದಾಟಿದ ಮೇಲೆ ಗಾಡಿಯ ಹೊಟ್ಟೆ ಕೂರುತ್ತದೆ. ಇದಕ್ಕೆ ಲಿಫ್ಟ್ ನಿಜವಾಗಿಯೂ ಉಪಯೋಗ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2590 ಮಿ.ಮೀ., ಮೂರು ಬಾಗಿಲಿನದ್ದು 2250. ಉದ್ದ ಜಾಸ್ತಿಯಾದಷ್ಟೂ ಹೊಟ್ಟೆ ತಾಗುವುದು ಜಾಸ್ತಿ. ನಮ್ಮ ಗಾಡಿಯ ಬ್ರೇಕ್‌ಓವರ್ ಕೋನ, ಅಂದರೆ ಹೊಟ್ಟೆ ತಾಗದೆ ದಾಟಬಹುದಾದ ಉಬ್ಬಿನ ಕೋನ, 24 ಡಿಗ್ರಿ. 50 ಮಿ.ಮೀ. ಏರಿಸಿದರೆ ಅದು ಹತ್ತಿರ ಹತ್ತಿರ ನಾಲ್ಕು ಡಿಗ್ರಿ ಜಾಸ್ತಿಯಾಗುತ್ತದೆ. ಉಬ್ಬಿನ ಮೇಲೆ ಆ ನಾಲ್ಕು ಡಿಗ್ರಿ ದೊಡ್ಡದೇ.

ಹಾಗಾದರೆ ನಿಮ್ಮಲ್ಲಿ ಯಾವುದು ತಾಗುತ್ತಿದೆ? ಊಹೆ ಬೇಡ, ನೋಡಬಹುದು. ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ತೋಟದಲ್ಲಿ ಇದ್ದೇ ಇರುತ್ತದೆ. ಸ್ವಲ್ಪ ಗಟ್ಟಿಯಾಗಿ ಕಲಸಿ. ಗಾಡಿಯ ತಳಕ್ಕೆ ನೀರು ಹೊಡೆದು ಮಣ್ಣು ತೆಗೆದು, ಒಣಗಿದ ಮೇಲೆ ಹಳೇ ಬ್ರಷ್‌ನಲ್ಲಿ ಬಳಿಯಿರಿ. ಎರಡೂ ಡಿಫರೆನ್ಷಿಯಲ್‌ಗಳ ಅಡಿಗೆ, ಶಾಕ್ ಅಬ್ಸಾರ್ಬರ್‌ಗಳು ಆಕ್ಸಲ್‌ಗೆ ಕೂರುವ ಬ್ರಾಕೆಟ್‌ಗಳಿಗೆ, ಆಕ್ಸಲ್ ಅನ್ನು ಚಾಸಿಗೆ ಹಿಡಿದಿರುವ ಹಿಂದಿನ ಆರ್ಮ್‌ಗಳ ಬ್ರಾಕೆಟ್‌ಗೆ, ಗೇರ್‌ಬಾಕ್ಸ್ ಕೆಳಗಿನ ಕ್ರಾಸ್ ಮೆಂಬರ್‌ಗೆ (ಚಾಸಿಯ ಅಡ್ಡಪಟ್ಟಿಗೆ), ಮುಂದೆ ಹಿಂದೆ ಬಂಪರ್‌ನ ಕೆಳ ಅಂಚಿಗೆ. ಮಳೆ ಬಿಟ್ಟ ಹೊತ್ತಿನಲ್ಲಿ, ಎಂದಿನಷ್ಟೇ ಜನ, ಎಂದಿನಷ್ಟೇ ಸಾಮಾನು ಹಾಕಿಕೊಂಡು ಒಂದು ಸಲ ಹೋಗಿ ಬನ್ನಿ. ಬಂದು ಟಾರ್ಚ್ ಹಿಡಿದು ಬಗ್ಗಿ ನೋಡಿ. ಎಲ್ಲಿ ಸುಣ್ಣ ಉಜ್ಜಿ ಕಬ್ಬಿಣ ಹೊಳೆಯುತ್ತಿದೆಯೋ ಅದೇ ನಿಮ್ಮ ತೊಂದರೆಯ ಜಾಗ.

ಡಿಫರೆನ್ಷಿಯಲ್ ಮತ್ತು ಶಾಕ್ ಬ್ರಾಕೆಟ್‌ಗಳ ಸುಣ್ಣ ಮಾತ್ರ ಹೋಗಿದ್ದರೆ ಲಿಫ್ಟ್ ವಿಷಯ ಅಲ್ಲಿಗೆ ಬಿಡಿ. ಕ್ರಾಸ್ ಮೆಂಬರ್ ಚೆನ್ನಾಗಿ ಉಜ್ಜಿದ್ದರೆ ಮುಂದೆ ಯೋಚಿಸಬಹುದು. ಇನ್ನೊಂದು ಸಣ್ಣ ವಿಷಯ. ಮುಂದಿನ ಡಿಫರೆನ್ಷಿಯಲ್ ಸರಿಯಾಗಿ ನಡುವೆ ಇಲ್ಲ, ಒಂದು ಪಕ್ಕಕ್ಕೆ ಇದೆ. ಹೇಗೂ ಬಗ್ಗಿದ್ದೀರಿ, ಯಾವ ಪಕ್ಕ ಅಂತ ನೋಡಿಟ್ಟುಕೊಳ್ಳಿ. ದಾರಿಯ ಮಧ್ಯೆ ಕಲ್ಲು ಎದ್ದಿದ್ದಾಗ ಸ್ಟೀರಿಂಗ್ ಯಾವ ಕಡೆ ಹಿಡಿಯಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಆಕ್ಸಲ್ ತಾಗುತ್ತಿದ್ದರೆ ಉಳಿಯುವುದು ಟೈರ್. ನಮ್ಮ ಗಾಡಿಗೆ ಬರುವುದು 195/80 ಆರ್15. ಲೆಕ್ಕ ಹಾಕಿದರೆ ಅದರ ವ್ಯಾಸ 693 ಮಿ.ಮೀ. ಬೊಲೆರೊಗೆ ಬರುವ 215/75 ಆರ್15 ಹಾಕಿದರೆ 703 ಚಿಲ್ಲರೆ. ಆಕ್ಸಲ್ ಏರುವುದು ಎರಡರ ವ್ಯತ್ಯಾಸದ ಅರ್ಧ, ಬರೀ 5 ಮಿ.ಮೀ. ಎತ್ತರಕ್ಕಾಗಿ ಇದನ್ನು ಹಾಕಿಸುವುದರಲ್ಲಿ ಅರ್ಥವಿಲ್ಲ. ಆದರೆ ಈ ಅಳತೆಯಲ್ಲಿ ಒಳ್ಳೆಯ ಆಲ್ ಟೆರೇನ್ ಟೈರ್ ಹಾಸನದಂಥ ಊರಿನಲ್ಲೂ ಸುಲಭವಾಗಿ ಸಿಗುತ್ತದೆ, ಮತ್ತು ಕೆಂಪು ಮಣ್ಣಿನ ಕೆಸರಿನಲ್ಲಿ ಹಿಡಿತವೇ ಬೇರೆ. 235/75 ಆರ್15ಕ್ಕೆ ಹೋದರೆ ಆಕ್ಸಲ್ 20 ಮಿ.ಮೀ. ಏರುತ್ತದೆ. ಜೊತೆಗೆ ಚಕ್ರದ ತೂಕ ಏರುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲಾದರೂ ಉಜ್ಜಬಹುದು, ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 5 ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ. 134 ಎನ್‌ಎಂ ಟಾರ್ಕ್‌ನ ಎಂಜಿನ್‌ಗೆ ಅದು ಗೊತ್ತಾಗುವಷ್ಟು ಭಾರ. ನಿಮ್ಮ ಬಳಕೆಗೆ ನಾನು 215ಕ್ಕೇ ನಿಲ್ಲಿ ಅನ್ನುತ್ತೇನೆ.

ಟೈರ್‌ಗಿಂತಲೂ ಮೊದಲು ಗಾಳಿ. ಇದಕ್ಕೆ ಖರ್ಚು ಒಂದು ಪ್ರೆಶರ್ ಗೇಜ್, ಒಂದು ಚಿಕ್ಕ ಕಂಪ್ರೆಸರ್ ಅಷ್ಟೇ. ತೋಟದ ಗೇಟಿನಲ್ಲಿ ಗಾಳಿಯನ್ನು 18 ಪಿಎಸ್‌ಐ ಹತ್ತಿರಕ್ಕೆ ಇಳಿಸಿ. ಇಳಿಸಿದಾಗ ಗಾಡಿ ಕೆಲವು ಮಿ.ಮೀ. ತಗ್ಗುತ್ತದೆ, ನಿಜ. ಆದರೆ ಟೈರ್ ಅಗಲವಾಗಿ ನೆಲಕ್ಕೆ ಅಂಟಿ ಕೂರುತ್ತದೆ. ಹಿಡಿತ ಸಿಕ್ಕರೆ ಜಾಡಿನೊಳಗೆ ಇಳಿಯಬೇಕಾಗಿಲ್ಲ. ಒಂದು ಚಕ್ರ ನಡುವಿನ ದಿಬ್ಬದ ಮೇಲೆ, ಇನ್ನೊಂದು ಜಾಡಿನ ಹೊರಗಿನ ಅಂಚಿನ ಮೇಲೆ ಇಟ್ಟು, ಫೋರ್ ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್) ಹಾಕಿ, ನಿಧಾನಕ್ಕೆ ಹೋಗಬಹುದು. ಜಾರಿ ಜಾಡಿಗೆ ಬೀಳುವ ಗಾಡಿಗೆ ಎಷ್ಟು ಎತ್ತರವಿದ್ದರೂ ಸಾಲದು. ಟಾರ್ ರಸ್ತೆಗೆ ಹತ್ತುವ ಮುಂಚೆ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಬರೆದಿರುವಷ್ಟು ಗಾಳಿ ತುಂಬಲೇಬೇಕು, ಮರೆಯಬೇಡಿ.

ಕೊಡಚಾದ್ರಿಗೆ ಹೋಗಿದ್ದೀರಾ? ಅಲ್ಲಿನ ಬಾಡಿಗೆ ಜೀಪುಗಳು ಜನ ತುಂಬಿಕೊಂಡು ಹತ್ತುವ ದಾರಿ ನಮ್ಮ ಯಾವ ತೋಟದ ದಾರಿಗಿಂತಲೂ ಕೆಟ್ಟದ್ದು. ನಾನು ಅಲ್ಲಿ ನೋಡಿದ್ದು ಪಟ್ಟಿ ಸ್ಪ್ರಿಂಗ್‌ನ ಹಳೇ ಮಹೀಂದ್ರ ಜೀಪುಗಳನ್ನು, ಲಿಫ್ಟ್ ಕಿಟ್‌ಗಳನ್ನಲ್ಲ. ಡ್ರೈವರ್ ಪಕ್ಕ ಕೂತು ಅವರ ಕೈ ನೋಡಿ. ಎದುರಿಗೆ ಕಾಣುವ ಕಲ್ಲಿಗೆ ಅವರು ಹೆದರಿ ತಪ್ಪಿಸುವುದಿಲ್ಲ, ಅದರ ಮೇಲೇ ಚಕ್ರ ಹತ್ತಿಸುತ್ತಾರೆ. ಕಲ್ಲು ಚಕ್ರದ ಕೆಳಗೆ ಬಂದರೆ ಆಕ್ಸಲ್ ಏರುತ್ತದೆ. ಎರಡು ಚಕ್ರದ ನಡುವೆ ಬಿಟ್ಟರೆ ಡಿಫರೆನ್ಷಿಯಲ್‌ಗೆ ಬಡಿಯುತ್ತದೆ. ಹೊಸದಾಗಿ ಓಡಿಸುವವರು ಹೆಚ್ಚಿನವರು ಕಲ್ಲನ್ನು ನಡುವೆ ಬಿಟ್ಟುಕೊಂಡು ಹೋಗಲು ನೋಡುತ್ತಾರೆ.

ದಾರಿಯನ್ನೂ ಸ್ವಲ್ಪ ನೋಡಿ. ನಿಮ್ಮದೇ ತೋಟ ಅಲ್ವಾ? ಲಿಫ್ಟ್ ಕಿಟ್‌ನ ಖರ್ಚಿನಲ್ಲಿ ಒಂದು ಭಾಗ ಹಾಕಿದರೂ ಮೇ ತಿಂಗಳಲ್ಲಿ ಜೆಸಿಬಿ ತರಿಸಿ ನಡುವಿನ ದಿಬ್ಬ ಕೆರೆಸಬಹುದು, ಜಾಡಿಗೆ ಕಾಡುಗಲ್ಲು ತುಂಬಿಸಬಹುದು. ಇಳಿಜಾರಿನಲ್ಲಿ ಓರೆಯಾಗಿ ಅಡ್ಡ ಚರಂಡಿ ತೆಗೆಸಿದರೆ ನೀರು ಜಾಡಿನಲ್ಲೇ ಹರಿದು ಇನ್ನೂ ಆಳ ಮಾಡುವುದು ತಪ್ಪುತ್ತದೆ. ಟ್ರ್ಯಾಕ್ಟರ್‌ಗೂ ಪಿಕಪ್‌ಗೂ ಅದೇ ದಾರಿ ಬೇಕಲ್ಲ.

ಇಷ್ಟೆಲ್ಲ ಮಾಡಿಯೂ ಹೊಟ್ಟೆ ತಾಗುತ್ತಿದ್ದರೆ ಲಿಫ್ಟ್ ಹಾಕಿಸಿ. ಆದರೆ ಏನು ಕಳೆದುಕೊಳ್ಳುತ್ತೀರಿ ಅಂತ ತಿಳಿದು ಹಾಕಿಸಿ. ನನಗೆ ಅತಿ ಹೆಚ್ಚು ಚಿಂತೆ ನೀವು ಬೆಂಗಳೂರಿಗೆ ಓಡಾಡುವ ಹಾಸನ ರಸ್ತೆಯದ್ದು. ಜಿಮ್ನಿಯ ಅಗಲ 1645 ಮಿ.ಮೀ., ಎತ್ತರ 1720. ಅಗಲಕ್ಕಿಂತ ಎತ್ತರವೇ ಜಾಸ್ತಿ. ಇನ್ನೂ 50 ಏರಿಸಿದರೆ ತಿರುವಿನಲ್ಲಿ ವಾಲುವುದು ಜಾಸ್ತಿಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕ್ಯಾಸ್ಟರ್ ವಿಷಯ. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಕೈ ಬಿಟ್ಟರೂ ಅದು ನೇರ ಹೋಗುತ್ತದಲ್ಲ, ಕಾರಿನಲ್ಲಿ ಆ ಓರೆಯೇ ಕ್ಯಾಸ್ಟರ್. ಜಿಮ್ನಿಯ ಮುಂದಿನ ಆಕ್ಸಲ್ ಅನ್ನು ಎರಡು ಉದ್ದ ಆರ್ಮ್‌ಗಳು ಚಾಸಿಗೆ ಹಿಡಿದಿವೆ. ಚಾಸಿ ಮೇಲೇರಿದರೆ ಆ ಆರ್ಮ್‌ಗಳ ಕೋನ ಬದಲಾಗಿ ಆಕ್ಸಲ್ ಸ್ವಲ್ಪ ತಿರುಗುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಮೇಲೆ 90ರಲ್ಲಿ ಹೋಗುವಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎದುರಿನ ಲಾರಿಯ ಗಾಳಿ ಬಡಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಗುಂಡಿಗೆ ಬಿದ್ದು ಎದ್ದಾಗ ಇಡೀ ಸ್ಟೀರಿಂಗ್ ಗಡಗಡ ನಡುಗಲು ಶುರುವಾಗಬಹುದು. ಇಡೀ ಆಕ್ಸಲ್‌ನ ಗಾಡಿಗಳಿಗೆ ಇರುವ ಈ ಕಾಯಿಲೆಯನ್ನು ಸರಿಯಾಗಿ ಮಾಡದ ಲಿಫ್ಟ್ ಕೆರಳಿಸುತ್ತದೆ. ಇದಕ್ಕೆ ಮದ್ದು ಕ್ಯಾಸ್ಟರ್ ಸರಿಮಾಡುವ ಬುಷ್ ಅಥವಾ ಬೇರೆ ಆರ್ಮ್. ಹಾಗೆಯೇ ಆಕ್ಸಲ್ ಅನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಮೊದಲಿನ ಉದ್ದವೇ ಉಳಿದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅದಕ್ಕೆ ಉದ್ದ ಹೊಂದಿಸಬಹುದಾದ ರಾಡ್ ಬೇಕು. ನಿಮ್ಮ ಗ್ಯಾರೇಜಿನವರು ಈ ಎರಡರ ಮಾತನ್ನೇ ಎತ್ತದೆ ದರ ಹೇಳಿದ್ದರೆ ಬೇರೆ ಗ್ಯಾರೇಜ್ ನೋಡಿ.

ಕಡಿಮೆ ದುಡ್ಡಿನ ಸ್ಪೇಸರ್ ಅಂತೂ ಬೇಡವೇ ಬೇಡ. ಅದು ಇರುವ ಸ್ಪ್ರಿಂಗ್‌ಗೆ ಒಂದು ತುಂಡು ಸೇರಿಸಿ ಎತ್ತರಿಸುವುದು. ಶಾಕ್ ಅಬ್ಸಾರ್ಬರ್ ಮೊದಲಿನ ಉದ್ದವೇ ಇರುವುದರಿಂದ ಚಕ್ರ ಕೆಳಗೆ ಇಳಿಯಲು ಇದ್ದ ಜಾಗ ಅಷ್ಟು ಕಡಿಮೆಯಾಗುತ್ತದೆ. ಗುಂಡಿ ಬಂದಾಗ ಚಕ್ರ ಬೇಗ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಅಂದರೆ ನೋಡಲು ಗಾಡಿ ಎತ್ತರ, ಕೆಸರಿನಲ್ಲಿ ಮೊದಲಿಗಿಂತ ಕಡೆ. ಸ್ಪ್ರಿಂಗ್, ಅದಕ್ಕೆ ತಕ್ಕ ಉದ್ದದ ಶಾಕ್ ಎರಡೂ ಒಟ್ಟಿಗೆ ಬರುವ ಕಿಟ್ ಆದರೆ ಮಾತ್ರ ಹಾಕಿಸಿ. ಎರಡು ಇಂಚು ಬೇಡ, ಒಂದೂವರೆಯೊಳಗೆ ಇರಲಿ. ಸ್ಪ್ರಿಂಗ್ ಆರಿಸುವಾಗ ಗಾಡಿಯಲ್ಲಿ ಸದಾ ಎಷ್ಟು ಭಾರ ಇರುತ್ತದೆ ಅಂತ ನಿಜ ಹೇಳಿ. ವರ್ಷಕ್ಕೆ ನಾಲ್ಕು ದಿನ ಕಾಫಿ ಮೂಟೆ ಹೊರುವುದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಉಳಿದ ದಿನವೆಲ್ಲ ಮನೆಯವರ ಸೊಂಟಕ್ಕೆ ಕಷ್ಟ.

ಥಾರ್ ಇರುವವರೂ ಇದನ್ನು ಓದಬಹುದು, ಅವರಿಗೆ ಒಂದು ಮಾತು. 2020ರ ನಂತರದ ಥಾರ್‌ನಲ್ಲಿ ಮುಂದೆ ಇಡೀ ಆಕ್ಸಲ್ ಇಲ್ಲ, ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುತ್ತವೆ, ಡಿಫರೆನ್ಷಿಯಲ್ ಚಾಸಿಗೆ ಕೂತಿದೆ. ಹಾಗಾಗಿ ಲಿಫ್ಟ್‌ನಿಂದ ಮುಂದಿನದು ಏರುತ್ತದೆ, ಹಿಂದಿನದು ಏರುವುದಿಲ್ಲ. ಆದರೆ ಮುಂದಿನ ಆಕ್ಸಲ್ ಶಾಫ್ಟ್‌ಗಳ ಕೋನ ಜಾಸ್ತಿಯಾಗಿ ಶಾಫ್ಟ್ ಬಾಗುವ ಕಡೆ ಇರುವ ಸಿವಿ ಜಾಯಿಂಟ್, ಅದರ ರಬ್ಬರ್ ಬೂಟು ಬೇಗ ಸವೆಯುತ್ತವೆ. ನೆಲದಿಂದ 226 ಮಿ.ಮೀ. ಎತ್ತರ ಇರುವ ಗಾಡಿಗೆ ತೋಟದ ದಾರಿಗಾಗಿ ಲಿಫ್ಟ್ ಬೇಕಾಗುವುದು ತೀರಾ ಅಪರೂಪ.

ಕಾನೂನಿನ ಮಾತು ಹೇಳದೆ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ನನಗೆ ಭಯ ಇನ್ಶೂರೆನ್ಸ್ ಬಗ್ಗೆ. ದೊಡ್ಡ ಅಪಘಾತವಾದಾಗ ಸರ್ವೇಯರ್ ಬಂದು ಸಸ್ಪೆನ್ಷನ್ ಬದಲಾಗಿದೆ ಅಂತ ಬರೆದರೆ ಕ್ಲೇಮ್ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಸಸ್ಪೆನ್ಷನ್‌ಗೆ ವಾರಂಟಿಯೂ ಹೋಗಬಹುದು. ಟೈರ್ ಅಳತೆ ಬದಲಾಯಿಸಿದರೂ ಪ್ರಶ್ನೆ ಬರಬಹುದು, ಆದ್ದರಿಂದ ಯಾವುದನ್ನೇ ಮಾಡುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಕೊನೆಗೂ ಹಾಕಿಸುವುದೇ ಆದರೆ ಆ ದಿನ ಗ್ಯಾರೇಜಿನಲ್ಲೇ ಇರಿ. ಬ್ರೇಕ್ ಹೋಸ್ ಚಕ್ರ ಪೂರ್ತಿ ಕೆಳಗೆ ಜೋತಾಡುವಾಗಲೂ ಬಿಗಿಯಾಗಿ ಎಳೆಯಬಾರದು, ಕಣ್ಣಾರೆ ನೋಡಿ. ಆರ್ಮ್‌ಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ಗ್ಯಾರೇಜಿನ ಎತ್ತುವ ಯಂತ್ರದ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಲು ಬಿಡಬೇಡಿ. ಚಕ್ರ ನೆಲಕ್ಕೆ ಇಳಿದು ಗಾಡಿಯ ಭಾರ ಕೂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಅಂಕಿ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಹೆಡ್‌ಲೈಟ್ ತಗ್ಗಿಸಿ, ಎದುರು ಬರುವವರ ಕಣ್ಣಿಗೆ ಹೊಡೆಯದಂತೆ. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೆ ನೋಡಿಸಿ, ಅಲ್ಲಿಯವರೆಗೆ ಶಿರಾಡಿ ಘಾಟಿ ಇಳಿಯುವ ಯೋಚನೆ ಬೇಡ.