ಡೀಸೆಲ್ ಪೂರ್ತಿ ಉರಿದರೂ ಲಾರಿಗೆ ಯೂರಿಯಾ ನೀರು ಏಕೆ?

ಡೀಸೆಲ್ ಪೂರ್ತಿ ಉರಿದರೆ ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್ ಮಾತ್ರ ಬರಬೇಕಲ್ಲ, ಹಾಗಿದ್ದರೆ ಬಿಎಸ್-6 (ವಾಹನದ ಹೊಗೆಗೆ ಮಿತಿ ಹಾಕುವ ಭಾರತದ ಮಾನದಂಡ) ಲಾರಿಗೆ ಯೂರಿಯಾ ನೀರು ಏಕೆ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಮೆಕ್ಕೆಜೋಳ ಸಾಗಿಸುವ ನಮ್ಮ ಅಣ್ಣನೂ ಹೊಸ ಲಾರಿ ತಂದ ದಿನ ಇದನ್ನೇ ಕೇಳಿದ್ದ.

ನಿಮ್ಮ ಲೆಕ್ಕದಲ್ಲಿ ಗಾಳಿ ಬಿಟ್ಟುಹೋಗಿದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ. ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ, ಸಣ್ಣಪುಟ್ಟ ಬಿಸಿಗೆ ಜಗ್ಗುವುದಿಲ್ಲ. ಸಿಲಿಂಡರಿನೊಳಗಿನ ಜ್ವಾಲೆ 1,500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಾತ್ರ ಆ ಹಿಡಿತ ಸಡಿಲವಾಗತೊಡಗುತ್ತದೆ. ಒಂಟಿ ಆಮ್ಲಜನಕ ಪರಮಾಣು ಸಾರಜನಕದ ಅಣುವಿಗೆ ಬಡಿದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಒಂದು ಸಾರಜನಕ ಪರಮಾಣು ಒಂಟಿಯಾಗಿ ಉಳಿಯುತ್ತದೆ. ಅದು ಹೋಗಿ ಆಮ್ಲಜನಕದ ಅಣುವಿಗೆ ಬಡಿದರೆ ಮತ್ತೊಂದು ನೈಟ್ರಿಕ್ ಆಕ್ಸೈಡ್, ಮತ್ತೆ ಒಂಟಿ ಆಮ್ಲಜನಕ. ಸೋವಿಯತ್ ವಿಜ್ಞಾನಿ ಯಾಕೊವ್ ಜೆಲ್ದೊವಿಚ್ ಬಿಡಿಸಿ ತೋರಿಸಿದ ಸರಪಳಿ ಇದು. ತರಗತಿಯಲ್ಲಿ ಇದನ್ನು ಬರೆಯುವಾಗಲೆಲ್ಲ ನನಗೆ ಹೊಸ ಹುರುಪು ಬರುತ್ತದೆ.

ನೈಟ್ರಿಕ್ ಆಕ್ಸೈಡ್ ಗಾಳಿಯನ್ನು ಕೆಡಿಸುವ ಅನಿಲ. ಉರಿ ಜೋರಾದಷ್ಟೂ ಅದು ಹೆಚ್ಚು. ಉರಿಯನ್ನು ತಗ್ಗಿಸಿದರೆ ಮಸಿ ಹೆಚ್ಚು. ಮಸಿಯನ್ನು ಫಿಲ್ಟರ್ ಹಿಡಿದುಕೊಳ್ಳುತ್ತದೆ. ಅನಿಲವನ್ನು ಸೋಸಲಾಗದು, ರಾಸಾಯನಿಕವಾಗಿ ಒಡೆಯಬೇಕು. ಪೆಟ್ರೋಲ್ ಕಾರಿನ ವೇಗವರ್ಧಕ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಇಲ್ಲಿ ನಡೆಯದು, ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುತ್ತದೆ. ಅದಕ್ಕೇ ಶೇ 32.5ರ ಯೂರಿಯಾ ದ್ರಾವಣವನ್ನು ಬಿಸಿ ಹೊಗೆಗೆ ಚಿಮುಕಿಸುತ್ತಾರೆ. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ವೇಗವರ್ಧಕದ ಮೇಲೆ ಅಮೋನಿಯಾವೂ ನೈಟ್ರಿಕ್ ಆಕ್ಸೈಡೂ ಸೇರಿ ಸಾರಜನಕ ಮತ್ತು ನೀರಾಗುತ್ತವೆ. ಗಾಳಿಯಿಂದ ಬಂದದ್ದು ಗಾಳಿಗೇ ಮರಳುತ್ತದೆ.

ಒಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಗೊಬ್ಬರದ ಯೂರಿಯಾವನ್ನು ನೀರಿಗೆ ಕಲಸಿ ಹಾಕಬೇಡಿ. ನಮ್ಮ ಪರಿಚಯದವರೊಬ್ಬರು ಹಾಗೆ ಮಾಡಿದ್ದರು. ಚಿಮುಕಿಸುವ ನಳಿಕೆ ಬಿಚ್ಚಿದಾಗ ಬಾಯಿಗೆ ಬಿಳಿ ಹರಳು ಕಟ್ಟಿತ್ತು, ಉಗುರಿಗೆ ಜಗ್ಗಲಿಲ್ಲ. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿದೆ, ಬೇರೆ ಕಲ್ಮಶಗಳೂ ಇರುತ್ತವೆ. ಹೊಲಕ್ಕೆ ಸರಿ, ವೇಗವರ್ಧಕಕ್ಕೆ ಅಲ್ಲ. ಟ್ಯಾಂಕಿನ ಮುಚ್ಚಳದ ಸುತ್ತ ಕಾಣುವ ಬಿಳಿ ಹುಡಿಗೆ ಮಾತ್ರ ಗಾಬರಿ ಬೇಡ. ನೀರು ಆರಿ ಉಳಿದ ಯೂರಿಯಾ ಅದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.