ಮತ್ತೆ ಮತ್ತೆ ಉರಿಮೂತ್ರ: ಕ್ರ್ಯಾನ್‌ಬೆರಿ, ಡಿ-ಮ್ಯಾನೋಸ್ ತಗೋಬಹುದಾ?

6 ತಿಂಗಳಲ್ಲಿ 3 ಸಲ ಉರಿಮೂತ್ರ ಬಂದು, ಏನು ಮಾಡೋದು ಅಂತ ಕೇಳುತ್ತಿದ್ದೀರಾ? ಹಾಗಿದ್ರೆ ಕರುಳಿನಲ್ಲಿರುವ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಮೂತ್ರಕೋಶ ಸೇರುತ್ತಿರುವ ಸಾಧ್ಯತೆಯೇ ಜಾಸ್ತಿ. ಮೊದಲು ಮೂತ್ರದ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ.

ಆಮೇಲೆ ನೀರು. ಈಗ ಕುಡಿಯೋದು ಕಮ್ಮಿ ಇದ್ರೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಸಿ. ಚಿಂತಾಮಣಿಯಿಂದ ಕೋಲಾರಕ್ಕೆ ಬಸ್ಸಲ್ಲಿ ಓಡಾಡುವಾಗ ನಾನು ಬಾಟಲಿ ಬ್ಯಾಗಿಂದ ತೆಗೀತಾನೇ ಇರಲಿಲ್ಲ. ಕುಡಿಯೋಕೆ ಶುರು ಮಾಡಿದ ಮೇಲೆ ಉರಿಮೂತ್ರ ತುಂಬಾ ಕಮ್ಮಿಯಾಯ್ತು.

ಕ್ರ್ಯಾನ್‌ಬೆರಿ (ಒಂದು ಹುಳಿ ಕೆಂಪು ಹಣ್ಣು) ಮಾತ್ರೆ ತಗೊಳ್ಳಿ, ಮತ್ತೆ ಸೋಂಕು ಬರೋದನ್ನು ಸುಮಾರು ಕಾಲು ಭಾಗದಷ್ಟು ತಗ್ಗಿಸುತ್ತದೆ. ಎಲ್ಲರಿಗೂ ಆಗುತ್ತೆ ಅಂತಲ್ಲ. ಲೇಬಲ್‌ನಲ್ಲಿ ಪಿಎಸಿ (ಕ್ರ್ಯಾನ್‌ಬೆರಿಯಲ್ಲಿ ಕೆಲಸ ಮಾಡುವ ಅಂಶ) 36 ಮಿ.ಗ್ರಾಂ ಇದೆಯಾ ನೋಡಿ. ಸಕ್ಕರೆ ಜ್ಯೂಸ್ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೋತಿದ್ರೆ ಡಾಕ್ಟರನ್ನು ಕೇಳಿ. ಡಿ-ಮ್ಯಾನೋಸ್‌ಗೆ (ಪುಡಿಯಾಗಿ ಮಾರುವ ಒಂದು ಬಗೆಯ ಸಕ್ಕರೆ) ದುಡ್ಡು ಹಾಕಬೇಡಿ, 2024ರ ದೊಡ್ಡ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ.

ಮುಟ್ಟು ನಿಂತಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ (ಹೆಣ್ಣಿನ ಹಾರ್ಮೋನ್) ಕ್ರೀಮ್ ಬಗ್ಗೆ ಡಾಕ್ಟರನ್ನು ವಿಚಾರಿಸಿ. ಚಳಿಜ್ವರ, ಪಕ್ಕೆನೋವು ಬಂದರೆ, ಅಥವಾ ಗರ್ಭಿಣಿಯಾಗಿದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಿ.